ಎಡಗಿವಿ ಕತ್ತರಿಸಿದ ನಿಂಜಾ

ನಮ್ಮ ಮಾವನ ವಿಡಿಯೋ ಗೇಮಿನ ಬೆಲೆ ಹದಿನೈದು ಟಗರು ಎಂದು ಮೊದಲು ಲೆಕ್ಕ ಹಾಕಿದವನು ನಾನೇ. ರೂಪಾಯಿಯಲ್ಲಿ ಹೇಳಿದ್ದರೆ ಅಜ್ಜ ನಂಬುತ್ತಿರಲಿಲ್ಲ. ರೂಪಾಯಿ ಇವತ್ತೊಂದು ನಾಳೆಯೊಂದು, ಟಗರು ಮಾತ್ರ ಕಟ್ಟಿದಲ್ಲೇ ನಿಂತಿರುತ್ತದೆ ಎನ್ನುವುದು ಅಜ್ಜನ ಅರ್ಥಶಾಸ್ತ್ರ. ನಮ್ಮ ಕಾಲೇಜಿನ ಅರ್ಥಶಾಸ್ತ್ರದ ಪುಸ್ತಕಕ್ಕಿಂತ ಇದು ಎಷ್ಟೋ ವಾಸಿ. ಇದಕ್ಕೆ ಪರೀಕ್ಷೆ ಇಲ್ಲ, ಹಬ್ಬ ಬಂದರೆ ಸಾರೂ ಆಗುತ್ತದೆ.

ನನ್ನ ಊರು ಸೊರಬ ತಾಲ್ಲೂಕಿನ ಉಳವಿ. ಪಿಯುಸಿಗೆ ಶಿಕಾರಿಪುರದ ಕಾಲೇಜು ಸೇರಿದ್ದರಿಂದ ಅಮ್ಮನ ತವರಿನಲ್ಲಿದ್ದೇನೆ. ಶಿಕಾರಿಪುರದಿಂದ ಆ ಹಳ್ಳಿಗೆ ಸೈಕಲ್ಲಿನಲ್ಲಿ ಹೋಗಬಹುದು, ಬಸ್ಸಿನಲ್ಲಿ ಹೋದರೆ ಸ್ವಲ್ಪ ತಡವಾಗುತ್ತದೆ. ಮನೆಯಲ್ಲಿ ಅಜ್ಜ, ಮಾವ, ಅತ್ತೆ, ನಾನು ಮತ್ತು ಕುರಿಗಳು. ಕುರಿಗಳನ್ನೂ ಯಾಕೆ ಸೇರಿಸಿದೆ ಅಂದರೆ ಅಜ್ಜ ಬೆಳಗ್ಗೆ ಎದ್ದು ಮೊದಲು ಯೋಗಕ್ಷೇಮ ಕೇಳುವುದು ಅವುಗಳದ್ದು. ನನ್ನದನ್ನು ಇದುವರೆಗೆ ಕೇಳಿಲ್ಲ. ಕುರಿಯಾಗಿ ಹುಟ್ಟಿದ್ದರೆ ಕನಿಷ್ಠ ಜಂತಿನ ಮಾತ್ರೆಯಾದರೂ ಹೊತ್ತಿಗೆ ಸರಿಯಾಗಿ ಸಿಗುತ್ತಿತ್ತು.

ಗೇಮು ಅಂದರೆ ಈಗಿನ ಮೊಬೈಲಿನ ಗೇಮಲ್ಲ. ಅಂಗೈಯಲ್ಲಿ ಹಿಡಿಯುವಂಥ ಬೂದು ಬಣ್ಣದ ಪೆಟ್ಟಿಗೆ. ತೂಕ ನೋಡಿದರೆ ಅರೆಯುವ ಕಲ್ಲಿನ ಚಿಕ್ಕ ತಮ್ಮ. ಬೆನ್ನಿಗೆ ಸೆಲ್ಲು ಹಾಕಬೇಕು, ತಲೆಗೆ ಕ್ಯಾಸೆಟ್ಟು ಸಿಗಿಸಬೇಕು. ಆಗ ಹಸಿರು ಪಾಚಿಯಂಥ ಪರದೆಯ ಮೇಲೆ ಒಬ್ಬ ನಿಂಜಾ ಬರುತ್ತಾನೆ. ಮುಖಕ್ಕೆ ಬಟ್ಟೆ, ಬೆನ್ನಿಗೆ ಕತ್ತಿ. ಎಡದಿಂದ ಬಲಕ್ಕೆ ಓಡುತ್ತಾನೆ, ಹಳ್ಳ ಬಂದರೆ ಹಾರುತ್ತಾನೆ, ಎದುರಿಗೆ ಬಂದವರನ್ನೆಲ್ಲ ಕಡಿಯುತ್ತಾನೆ. ಯಾಕೆ ಕಡಿಯುತ್ತಾನೆ ಎಂದು ಯಾರಿಗೂ ಗೊತ್ತಿಲ್ಲ. ಅಜ್ಜನಿಗೆ ನಿಂಜಾ ಎಂಬ ಮಾತು ಬಾಯಿಗೆ ಬರುವುದಿಲ್ಲ. ಅವನ ಪಾಲಿಗೆ ಅದು ಮೊದಲಿನಿಂದಲೂ ನಂಜು. “ನಿನ್ನ ಮಾವ ಆಗ ನಂಜಿನಾಟ ಹಿಡ್ಕಂಡು ಕೂತ್ರೆ, ಕುರೀನ ತೋಳ ಒಯ್ದ್ರೂ ತಲೆ ಎತ್ತುತ್ತಿರಲಿಲ್ಲ ಕಣಲೇ” ಎನ್ನುತ್ತಾನೆ.

ಅದು ಮನೆಗೆ ಬಂದದ್ದೂ ಒಂದು ಟಗರಿನಿಂದಲೇ. ಮಾವನಿಗೆ ಮೀಸೆ ಚಿಗುರುವ ಕಾಲದಲ್ಲಿ ಶಿರಾಳಕೊಪ್ಪದ ಗೆಳೆಯನೊಬ್ಬ ದುಬೈಯಿಂದ ಬಂದಿದ್ದನಂತೆ. ಸಂತೆಯ ದಿನ ಅವನ ಕೈಯಲ್ಲಿ ಈ ಪೆಟ್ಟಿಗೆ ನೋಡಿ ಮಾವ ಅಲ್ಲೇ ನಿಂತುಬಿಟ್ಟ. ಮಾರಲು ಒಯ್ದಿದ್ದ ಟಗರನ್ನು ಗೆಳೆಯನಿಗೆ ಕೊಟ್ಟು, ಗೇಮು ತೆಗೆದುಕೊಂಡು ಮನೆಗೆ ಬಂದ. ಆ ಟಗರು ಎಷ್ಟು ದೊಡ್ಡದಿತ್ತು ಎನ್ನುವುದು ಅಜ್ಜನ ಸಿಟ್ಟಿನ ಮೇಲೆ ಅವಲಂಬಿಸಿದೆ. ನಾನು ಚಿಕ್ಕವನಿದ್ದಾಗ ಅದು ಸೊಂಟದೆತ್ತರ ಇತ್ತು. ಈಗ ಎದೆಯವರೆಗೆ ಬಂದಿದೆ. ಅಜ್ಜ ಇನ್ನೂ ಗಟ್ಟಿಯಾಗಿದ್ದಾನೆ, ನನ್ನ ಮದುವೆಯ ಹೊತ್ತಿಗೆ ಅದು ಆನೆಯಾಗುವುದರಲ್ಲಿ ಅನುಮಾನವಿಲ್ಲ.

ಆವತ್ತು ಅಜ್ಜ ಬಯ್ಯಲಿಲ್ಲವಂತೆ. ಅದಕ್ಕಿಂತ ದೊಡ್ಡ ಕೆಲಸ ಮಾಡಿದ. ನಮ್ಮ ಹಿಂಡಿಗೆ ಒಂದು ಗುರುತಿದೆ: ಎಡಗಿವಿಯ ತುದಿಯಲ್ಲಿ ಮುಕ್ಕೋನದ ಒಂದು ಕಚ್ಚು. ಬೇರೆಯವರ ಹಿಂಡಿನೊಳಗೆ ಬೆರೆತರೂ ಕಿವಿ ನೋಡಿ ನಮ್ಮ ಕುರಿಯನ್ನು ಎಳೆದುಕೊಂಡು ಬರಬಹುದು. ಟಗರಿನ ಬದಲು ಬಂದದ್ದು ಟಗರಿನ ಲೆಕ್ಕಕ್ಕೇ ಸೇರಬೇಕು, ಹಿಂಡಿಗೆ ಸೇರಿದ್ದಕ್ಕೆ ಕಿವಿಗುರುತು ಬೀಳಬೇಕು ಎಂದು ಅಜ್ಜ ಚೂರಿಯನ್ನು ಒಲೆಯಲ್ಲಿ ಕಾಯಿಸಿ, ಕ್ಯಾಸೆಟ್ಟಿನ ಎಡಮೂಲೆಗೆ ಕಚ್ಚು ಹಾಕಿದ. ಅದು ಬಂದ ರಟ್ಟಿನ ಡಬ್ಬಿಗೂ ಎಡಮೂಲೆಗೇ ಹಾಕಿದ. ಒಳಗಿನ ಹಸಿರು ಹಲಗೆಗೆ ಚೂರಿ ತಾಗದೆ ಇದ್ದದ್ದು ಪುಣ್ಯ. ಕ್ಯಾಸೆಟ್ಟು ಸ್ವಲ್ಪ ಕರಗಿತು, ನಿಂಜಾ ಬದುಕಿಕೊಂಡ. ಡಬ್ಬಿಯಲ್ಲಿ ಆವತ್ತಿನಿಂದ ಕುರಿಗಳ ಜಂತಿನ ಮಾತ್ರೆ ಇಡತೊಡಗಿದರು.

ಇನ್ನು ಮಾವನ ಕೈಯ ವಿಷಯ. ಕಳೆದ ಬೇಸಿಗೆಯಲ್ಲಿ ಶಿರಾಳಕೊಪ್ಪದಿಂದ ಬರುವಾಗ ಬೈಕು ಜಾರಿ ಬಿದ್ದೆವು. ಬಿದ್ದೆವು ಅಂದೆ, ಹಿಂದೆ ಕೂತಿದ್ದವನು ನಾನು. ನನಗೆ ಒಂದು ಗೀರೂ ಆಗಲಿಲ್ಲ. ಮಾವನ ಬಲ ಮುಂಗೈಯಲ್ಲಿ ಒಂದು ನರ ಹೋಯಿತು. ಕಾಲೇಜಿನಲ್ಲಿ ಈ ಕಥೆ ಹೇಳುವಾಗ ನಾನು ಮೊದಲು ಒಂದು ನಾಯಿ ಅಡ್ಡ ಬಂತು ಎಂದೆ, ಆಮೇಲೆ ಕಾಡುಹಂದಿ ಎಂದೆ, ಕೊನೆಗೆ ಚಿರತೆ ಎಂದೆ. ಎಲ್ಲರೂ ಬಾಯಿ ತೆರೆದು ಕೇಳಿದರು. ಹೇಳುತ್ತಾ ನನಗೆ ಏನೂ ಅನಿಸಲಿಲ್ಲ. ಹಲ್ಲು ಕೀಳುವಾಗ ಇಂಜೆಕ್ಷನ್ ಕೊಡುತ್ತಾರಲ್ಲ, ತುಟಿ ನಮ್ಮದೇ ಆದರೂ ಯಾರದೋ ಅನಿಸುತ್ತದಲ್ಲ, ಹಾಗೆ.

ಶಿವಮೊಗ್ಗದಲ್ಲಿ ಆಪರೇಷನ್ ಆಯಿತು. ಮಾವನ ಹೆಬ್ಬೆರಳಿಗೆ ಮಾತ್ರ ಜೋಮು ಬಿಡಲಿಲ್ಲ. ಕಾಲು ಮಡಚಿ ಕೂತರೆ ಬರುವ ಜೋಮು ಎದ್ದು ಕೊಡವಿದರೆ ಹೋಗುತ್ತದೆ, ಇದು ಹೋಗುವ ಜೋಮಲ್ಲ. ಅತ್ತೆ ಸೂಜಿಯಿಂದ ಚುಚ್ಚಿ ನೋಡಿದರೂ ಮಾವ ಟಿವಿ ನೋಡುತ್ತಲೇ ಇದ್ದ. ಸೊಳ್ಳೆಗಳು ಕೂಡ ಆ ಬೆರಳಿನ ಮೇಲೆ ಕೂತು ಬೇಸರ ಬಂದು ಎದ್ದು ಹೋಗುತ್ತಿದ್ದವು. ಯಾರೂ ಹೊಡೆಯದಿದ್ದರೆ ಕಚ್ಚುವುದರಲ್ಲಿ ಏನು ಮಜಾ? ಡಾಕ್ಟರು ಹೇಳಿದ್ದು ಇಷ್ಟು: ನರ ನಿಧಾನಕ್ಕೆ ಬೆಳೆಯುತ್ತದೆ, ಬೆರಳನ್ನು ಸುಮ್ಮನೆ ಬಿಡಬೇಡಿ, ಒತ್ತುತ್ತಾ ಇರಿ, ಬಂದರೆ ಬಂತು.

ಬರದಿದ್ದರೆ ಏನು ಎನ್ನುವುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಉಣ್ಣೆ ಕತ್ತರಿಸುವ ಕತ್ತರಿ ನಡೆಯುವುದೇ ಹೆಬ್ಬೆರಳಿನಿಂದ. ನಮ್ಮ ಸುತ್ತಿನಲ್ಲಿ ಮಾವನಷ್ಟು ಚೆನ್ನಾಗಿ ಉಣ್ಣೆ ಕತ್ತರಿಸುವವರಿಲ್ಲ. ಅವನು ಕತ್ತರಿಸಿದ ಕುರಿ ತನ್ನನ್ನು ತಾನೇ ಗುರುತು ಹಿಡಿಯದೆ ಅರ್ಧ ದಿನ ಒದ್ದಾಡುತ್ತದೆ. ಬೇರೆಯವರ ಹಿಂಡಿಗೂ ಅವನನ್ನೇ ಕರೆಯುತ್ತಿದ್ದರು. ಈಗ ಕತ್ತರಿ ಹಿಡಿದರೆ ಕುರಿಯ ಚರ್ಮ ಎಲ್ಲಿ, ಉಣ್ಣೆ ಎಲ್ಲಿ ಎಂದು ಬೆರಳಿಗೆ ತಿಳಿಯುವುದಿಲ್ಲ. ಒಂದು ಕುರಿಗೆ ಗಾಯ ಮಾಡಿದ ಮೇಲೆ ಕತ್ತರಿಯನ್ನು ಗೋಡೆಗೆ ಸಿಗಿಸಿಬಿಟ್ಟ.

ಆಗ ಆ ಗೇಮನ್ನು ಅಟ್ಟದಿಂದ ಇಳಿಸಿದವನು ಮಾವನೇ. ನಿಂಜಾ ಹಾರುವುದೂ ಕಡಿಯುವುದೂ ಬಲಗೈ ಹೆಬ್ಬೆರಳಿನ ಗುಂಡಿಯಲ್ಲಿ. ದಿನಾ ಸಂಜೆ ಜಗಲಿಯ ಮೇಲೆ ಕೂತು ಒತ್ತುತ್ತಿದ್ದ. ಒಂದು ಕಾಲದಲ್ಲಿ ಆಟವನ್ನು ಕೊನೆಯವರೆಗೂ ಆಡಿ ಮುಗಿಸಿದವನು, ಈಗ ಮೊದಲನೇ ಹಳ್ಳದಲ್ಲೇ ಬೀಳುತ್ತಿದ್ದ. ಬಿದ್ದು ಮತ್ತೆ ಏಳುತ್ತಿದ್ದ. ಅಷ್ಟರಲ್ಲಿ ನಾನು ಫೋನಿನಲ್ಲಿ ಆ ವಿಡಿಯೋ ನೋಡಿದೆ.

ವಿಡಿಯೋದಲ್ಲಿ ಒಬ್ಬ ಬಿಳಿ ಗ್ಲೌಸ್ ಹಾಕಿಕೊಂಡು, ಹೆರಿಗೆ ಮಾಡಿಸುವವನ ಹಾಗೆ ಉಸಿರು ಬಿಗಿಹಿಡಿದು, ಒಂದು ಡಬ್ಬಿ ತೆಗೆಯುತ್ತಿದ್ದ. ಅದೇ ಡಬ್ಬಿ. ಅದೇ ನಿಂಜಾ. ನಮ್ಮ ಮನೆಯಲ್ಲಿ ಜಂತಿನ ಮಾತ್ರೆ ಇಡುವ ಡಬ್ಬಿಯನ್ನು ಅವನು ದೇವರ ಪೆಟ್ಟಿಗೆಯಂತೆ ಎತ್ತಿ ತೋರಿಸಿದ. ಆ ಆಟದ ಕ್ಯಾಸೆಟ್ಟು ಈಗ ಹೆಚ್ಚು ಉಳಿದಿಲ್ಲವಂತೆ, ಡಬ್ಬಿ ಸಮೇತ ಇದ್ದರೆ ಮಾತೇ ಬೇರೆಯಂತೆ. ಅವನು ಹೇಳಿದ ಬೆಲೆಯನ್ನು ನಾನು ಟಗರಿಗೆ ಇಳಿಸಿದೆ. ಮಧ್ಯಾಹ್ನದೊಳಗೆ ಕಾಲೇಜಿಗೆಲ್ಲ ಹೇಳಿಯಾಯಿತು, ಸಂಜೆಯೊಳಗೆ ಬಸ್‌ಸ್ಟ್ಯಾಂಡಿನ ಟೀ ಅಂಗಡಿಗೂ ಮುಟ್ಟಿತು. ಮನೆಗೆ ಬರುವಷ್ಟರಲ್ಲಿ ನಮ್ಮ ಪಕ್ಕದ ಮನೆಯವರು ಅದನ್ನು ಇಪ್ಪತ್ತು ಟಗರು ಮಾಡಿದ್ದರು.

“ಹದಿನೈದ್ ಟಗರೇ?” ಅಜ್ಜ ಹುಬ್ಬೇರಿಸಿದ. “ಆಡೋ ಸಾಮಾನಿಗೆ?”

“ಆಡಿದ್ರೆ ಅಲ್ಲ ಅಜ್ಜ. ಆಡದೆ ಇಟ್ರೆ. ಒಬ್ರು ಅದನ್ನ ಪ್ಲಾಸ್ಟಿಕ್ ಪೆಟ್ಟಿಗೇಲಿ ಹಾಕಿ ಸೀಲ್ ಮಾಡ್ತಾರೆ. ಮೇಲೆ ಹತ್ತಕ್ಕೆ ಇಷ್ಟು ಅಂತ ಮಾರ್ಕ್ಸ್ ಕೊಡ್ತಾರೆ.”

“ಆಮ್ಯಾಲೆ ತೆಗದು ಆಡಾಕೆ ಬರಲ್ವಾ?”

“ಬರಲ್ಲ.”

“ಹಂಗಾರೆ ಅದು ಗೋರಿ ಕಣಲೇ. ಗೋರಿಗೆ ಮಾರ್ಕ್ಸ್ ಕೊಡ್ತಾರಂತೆ.”

ಅತ್ತೆ ಮಾತ್ರ ನಗಲಿಲ್ಲ. ಅವಳು ಮಾವನ ಕೈಯಿಂದ ಗೇಮನ್ನು ಮೆಲ್ಲಗೆ ತೆಗೆದುಕೊಂಡಳು. “ಉಣ್ಣೆ ಕತ್ತರ್ಸೋ ಹೊತ್ತು ಬಂತು ರೀ. ಆಳು ಕರೀಬೇಕು. ಇದು ಹೋದ್ರೆ ಈ ವರ್ಷದ ಆಳಿನ ಖರ್ಚಿಗೆ ಆತದೆ, ಮುಂದಿನ ವರ್ಷಕ್ಕೂ ಆತದೆ” ಎಂದಳು. ಮುಂದಿನ ವರ್ಷಕ್ಕೂ ಎಂದಾಗ ಮಾವ ತನ್ನ ಹೆಬ್ಬೆರಳು ನೋಡಿಕೊಂಡ. ಅತ್ತೆ ಅದನ್ನೂ ರಟ್ಟಿನ ಡಬ್ಬಿಯನ್ನೂ ಹೊಸ ರವಿಕೆ ಕಣದಲ್ಲಿ ಸುತ್ತಿ, ಬೀರುವಿನಲ್ಲಿಟ್ಟು, ಬೀಗದ ಕೈ ಸೊಂಟಕ್ಕೆ ಸಿಗಿಸಿಕೊಂಡಳು. ಜಂತಿನ ಮಾತ್ರೆಗಳು ಬಿಸ್ಕತ್ತಿನ ಡಬ್ಬಿಗೆ ಬಂದವು. ಮೊದಲ ದಿನವೇ ನಾನು ಒಂದನ್ನು ಬಾಯಿಗೆ ಹಾಕಿಕೊಂಡಿದ್ದೆ. ಜಂತು ಹೋಯಿತೋ ಇಲ್ಲವೋ, ಬಿಸ್ಕತ್ತಿನ ಆಸೆ ಹೋಯಿತು.

ಮಾವನಿಗೆ ಒತ್ತಲು ಒಂದು ರಬ್ಬರ್ ಚೆಂಡು ತಂದುಕೊಟ್ಟರು. ಅವನು ಅದನ್ನು ಹಿಡಿದುಕೊಂಡು ಟಿವಿ ಮುಂದೆ ಕೂರುತ್ತಿದ್ದ. ಒಂದೊಂದು ಸಲ ಚೆಂಡು ಕೈಯಿಂದ ಜಾರಿ ಉರುಳಿ ಹೋಗಿರುತ್ತಿತ್ತು, ಅವನು ಮುಷ್ಟಿ ಕಟ್ಟಿಕೊಂಡೇ ಇರುತ್ತಿದ್ದ. “ಮಾವ, ಚೆಂಡು ಬಿತ್ತು” ಎಂದರೆ, “ಹೌದಾ ಅಳ್ಯಾ” ಎಂದು ನೋಡುತ್ತಿದ್ದ. ಆಮೇಲೆ ನಾನೂ ಹೇಳುವುದು ಬಿಟ್ಟೆ. ಚೆಂಡನ್ನು ತಂದು ಮತ್ತೆ ಮುಷ್ಟಿಯೊಳಗೆ ಇಟ್ಟುಬಿಡುತ್ತಿದ್ದೆ. ಅವನಿಗೆ ತಿಳಿಯುತ್ತಿರಲಿಲ್ಲ.

ಗಿರಾಕಿ ಸಿಕ್ಕಿದ್ದು ದಾವಣಗೆರೆಯವನು. ಇಂಥ ಹಳೆಯ ಗೇಮುಗಳನ್ನು ಕೂಡಿಸಿ ಗಾಜಿನ ಕಪಾಟಿನಲ್ಲಿ ಇಡುವವನಂತೆ. ಫೋನಿನಲ್ಲಿ ಫೋಟೋ ಕಳಿಸಿದೆ. ಎರಡು ನಿಮಿಷದಲ್ಲಿ ಕರೆ ಬಂತು.

“ಬ್ರೋ, ಆ ಎಡಗಡೆ ಕಾರ್ನರ್ ಕಟ್ ಆಗಿದೆಯಲ್ಲ, ಅದು ಏನು?”

ನಾನು ಬಾಯಿ ತೆರೆಯುವುದರೊಳಗೆ ಅವನೇ ಮುಂದುವರಿಸಿದ. “ಡಬ್ಬಿಗೂ ಅದೇ ಜಾಗದಲ್ಲಿ, ಅದೇ ಅಳತೆ. ಬ್ರೋ, ಇದು ಕಂಪನೀದೇ ಕಟ್. ಮಾರೋಕಲ್ಲ ಅಂತ ಅಂಗಡಿಗೆ ಕೊಡ್ತಿದ್ದ ಸ್ಯಾಂಪಲ್ ಇರ್ಬೇಕು. ಇಂಥದ್ದು ನಾನು ಎಲ್ಲೂ ನೋಡಿಲ್ಲ!”

“ನಾನೂ ಬೇರೆ ಎಲ್ಲೂ ನೋಡಿಲ್ಲ” ಎಂದೆ. ಅದು ಸತ್ಯವೇ ಆಗಿತ್ತು. ಕ್ಯಾಸೆಟ್ಟಿನ ಮಟ್ಟಿಗಂತೂ ಸತ್ಯ. ಅವನು ತಾನಾಗಿಯೇ ಹದಿನೈದು ಟಗರನ್ನು ಹದಿನೆಂಟು ಮಾಡಿದ. ಮಾಡುವವರನ್ನು ತಡೆಯಬಾರದು ಎಂದು ಸುಮ್ಮನಿದ್ದೆ.

ಭಾನುವಾರ ಸಂಜೆ ಕಾರಿನಲ್ಲಿ ಬಂದ. ಇಪ್ಪತ್ತೈದು ಮೂವತ್ತರ ಹುಡುಗ, ಕನ್ನಡಕ, ಬೆನ್ನಿಗೆ ಚೀಲ. ಜಗಲಿಯ ಮೇಲೆ ಮೆತ್ತನೆಯ ಬಟ್ಟೆ ಹಾಸಿದ, ಬಿಳಿ ಗ್ಲೌಸ್ ಹಾಕಿಕೊಂಡ. ಅಜ್ಜ ನನ್ನ ಕಿವಿಯಲ್ಲಿ, “ಕುರಿ ಡಾಕ್ಟರೇನಲೇ ಇವ?” ಎಂದ.

ಅತ್ತೆ ಬೀರು ತೆಗೆದು, ರವಿಕೆ ಕಣ ಬಿಚ್ಚಿ ಕೊಟ್ಟಳು. ಅವನು ಡಬ್ಬಿಯನ್ನು ಮೂಗಿನ ಹತ್ತಿರ ತಂದು ಹಿಂದಕ್ಕೆ ಸರಿದ.

“ಏನೋ ವಾಸನೆ ಇದೆಯಲ್ಲ ಅಕ್ಕ?”

“ಜಂತಿನ ಮಾತ್ರೆ ಇಡ್ತಿದ್ವಿ ರೀ.”

“ಮಕ್ಕಳಿಗಾ?”

“ಕುರೀಗೆ ರೀ. ಮಕ್ಕಳಿಗೆ ಬಿಸ್ಕತ್ ಡಬ್ಬೀಲಿ ಇಟ್ಟೀನಿ” ಎಂದು ಅತ್ತೆ ನನ್ನ ಕಡೆ ನೋಡಿದಳು.

ಅವನು ಭೂತಕನ್ನಡಿ ತೆಗೆದು ಕಚ್ಚನ್ನು ಪರೀಕ್ಷಿಸಿದ. “ನೋಡಿ, ಎಷ್ಟು ನೀಟ್. ಒಂದೇ ಏಟು. ಇದು ಮಷೀನ್ ಕೆಲಸ” ಎಂದ. ಅಜ್ಜ ಮೀಸೆಯಡಿ ನಗುತ್ತಾ, ತನ್ನ ಬಲಗೈಯನ್ನು ತಾನೇ ಮೆಚ್ಚಿ ನೋಡಿಕೊಳ್ಳುತ್ತಾ ಕೂತಿದ್ದ. ನಾನು ಅಜ್ಜನ ಕಾಲು ತುಳಿದೆ. ಅಜ್ಜ ನನ್ನ ಕಾಲು ತುಳಿದ, ಅವನದ್ದು ಚಪ್ಪಲಿ.

ಅಷ್ಟರಲ್ಲಿ ಹಿಂಡು ಮನೆಗೆ ಬಂತು. ಮೇಯಲು ಹೋಗಿದ್ದ ಕುರಿಗಳು ರೊಪ್ಪಕ್ಕೆ, ಅಂದರೆ ನಮ್ಮ ಕುರಿದೊಡ್ಡಿಗೆ, ಹೋಗುವುದು ಜಗಲಿಯ ಮುಂದಿನಿಂದಲೇ. ದಾರಿಯಲ್ಲಿ ಕಾರು ನಿಂತಿದ್ದರಿಂದ ಎಲ್ಲವೂ ಜಗಲಿಯ ಅಂಚಿಗೆ ಒತ್ತಿಕೊಂಡು ಬಂದವು. ಒಂದು ಹೆಣ್ಣು ಕುರಿ ತಲೆಯೆತ್ತಿ, ಹಾಸಿದ್ದ ಮೆತ್ತನೆ ಬಟ್ಟೆಯನ್ನು ಬಾಯಲ್ಲಿ ಎಳೆಯಿತು. ಅವನು ಅದನ್ನು ಬಿಡಿಸಲು ಬಗ್ಗಿದ. ಬಗ್ಗಿದವನು ಹಾಗೇ ನಿಂತ.

ಕುರಿಯ ಎಡಗಿವಿ ಅವನ ಕಣ್ಣ ಮುಂದಿತ್ತು. ಅವನು ಅದರ ಪಕ್ಕದ ಕುರಿಯ ಕಿವಿ ನೋಡಿದ. ಅದರಾಚೆಯದನ್ನು ನೋಡಿದ. ಆಮೇಲೆ ಕೈಯಲ್ಲಿದ್ದ ಕ್ಯಾಸೆಟ್ಟನ್ನು ಮೆಲ್ಲಗೆ ಕುರಿಯ ಕಿವಿಯ ಪಕ್ಕ ಹಿಡಿದ. ಅವಳಿ ಜವಳಿ. ಕುರಿಗೂ ಖುಷಿಯಾಯಿತೋ ಏನೋ, ಒಂದು ಸಲ ಬ್ಯಾ ಎಂದಿತು.

“ಒಂದೇ ಕೈ ಕಣಪ್ಪ” ಎಂದ ಅಜ್ಜ, ತಡೆಯಲಾರದೆ. “ಅವಕ್ಕೂ ನಾನೇ ಹಾಕಿದ್ದು, ಅದಕ್ಕೂ ನಾನೇ ಹಾಕಿದ್ದು.”

ಅವನು ಜಗಲಿಯ ಮೇಲೆ ಕುಕ್ಕರಿಸಿದ. ಗ್ಲೌಸ್ ಹಾಕಿದ ಕೈಯಲ್ಲೇ ಮುಖ ಒರೆಸಿಕೊಂಡ. ಅತ್ತೆ ನೀರು ಕೊಟ್ಟಳು. ಇದನ್ನು ಈಗ ಕಾಲೇಜಿನಲ್ಲಿ ಹೇಗೆ ಹೇಳಬೇಕು, ಎಷ್ಟು ಕುರಿ ಸೇರಿಸಬೇಕು ಎಂದು ನಾನು ಲೆಕ್ಕ ಹಾಕುತ್ತಿದ್ದೆ. ಎಲ್ಲರೂ ನಗುತ್ತಿದ್ದರು, ಮಾವನೊಬ್ಬನನ್ನು ಬಿಟ್ಟು. ನಾನೂ ನಕ್ಕೆ. ನಗುವುದು ಬಾಯಿಯ ಕೆಲಸ, ಅದು ತನ್ನಷ್ಟಕ್ಕೆ ಆಗುತ್ತಿತ್ತು.

ಆ ಹುಡುಗ ಒಳ್ಳೆಯವನು. ಸಿಟ್ಟು ಮಾಡಲಿಲ್ಲ. ನೀರು ಕುಡಿದು ಹೇಳಿದ: “ಅಜ್ಜ, ಕಟ್ ಇದ್ದದ್ದನ್ನ ಯಾರೂ ತಗೊಳ್ಳಲ್ಲ. ಆದ್ರೆ ಒಳಗಿನ ಬೋರ್ಡು ಒರಿಜಿನಲ್. ನನ್ನ ಹತ್ರ ಬೇರೆ ಕ್ಲೀನ್ ಹೊರಚಿಪ್ಪು ಇದೆ. ಇದರ ಒಳಗಿಂದು ತೆಗೆದು ಅದಕ್ಕೆ ಹಾಕ್ತೀನಿ. ನೀವು ಹೇಳೋ ಲೆಕ್ಕದಲ್ಲಿ ನಾಲ್ಕು ಟಗರು ಕೊಡ್ತೀನಿ.”

“ಈ ಕಿವೀದು?” ಎಂದ ಅಜ್ಜ.

“ಹೊರಗಿನ ಚಿಪ್ಪಾ? ಬಿಸಾಕ್ತೀನಿ.”

ಅಜ್ಜನ ಮುಖದಲ್ಲಿ ನಗು ನಿಂತಿತು. “ಕಿವಿ ಕುಯ್ದು ಕುರಿ ಮಾರೋರು ಯಾರು ಗೊತ್ತೈತೇನಪ್ಪ? ಕಳ್ಳರು. ಗುರುತು ಕಾಣಬಾರದು ಅಂತ ಕಚ್ಚಿನ ಸಮೇತ ಕಿವಿ ಕುಯ್ದು ಸಂತೇಲಿ ನಿಲ್ಲಿಸ್ತಾರೆ. ಮೊಂಡುಗಿವಿ ಕುರೀನ ಮರ್ಯಾದಸ್ತರು ಕೊಳ್ಳಲ್ಲ, ಮಾರೋದೂ ಇಲ್ಲ. ನಾವೇನು ಇದನ್ನ ಕದ್ದು ತಂದೀವಾ?”

“ಅಜ್ಜ, ಇದು ಪ್ಲಾಸ್ಟಿಕ್ಕು…”

“ಟಗರು ಕೊಟ್ಟು ತಂದದ್ದು. ಇಷ್ಟೆತ್ತರದ್ದು” ಎಂದು ಅಜ್ಜ ಕೈ ಎತ್ತಿದ. ಈ ಸಲ ಅದು ಕುತ್ತಿಗೆಯವರೆಗೆ ಬಂತು.

“ಮಾವ, ಆಳು ಯಾರು ತರ್ತಾರೆ?” ಅಜ್ಜನನ್ನು ಕೇಳುವಾಗ ಅತ್ತೆಯ ಧ್ವನಿ ಸಣ್ಣಗಿತ್ತು. “ನಾಲ್ಕ್ ಟಗರು ಅಂದ್ರೆ ಈ ವರ್ಷದ್ದಾದ್ರೂ ನೀಗುತ್ತೆ. ಇವರ ಹೆಬ್ಬೆಟ್ಟು ಬರೋದಾಗಿದ್ರೆ ಇಷ್ಟೊತ್ತಿಗೆ ಬರ್ತಿತ್ತು.”

ಆ ಮಾತನ್ನು ಮನೆಯಲ್ಲಿ ಅಲ್ಲಿಯವರೆಗೆ ಯಾರೂ ಆಡಿರಲಿಲ್ಲ. ಆಡಿದ ಮೇಲೆ ಅತ್ತೆಯೇ ಒಳಗೆ ಹೋಗುವವಳಂತೆ ತಿರುಗಿ, ಹೋಗದೆ ಬಾಗಿಲಲ್ಲಿ ನಿಂತಳು. ಗೇಮು ಹೋದರೆ ಬೆರಳೂ ಹೋದ ಹಾಗೆ ಎಂದು ಎಲ್ಲರಿಗೂ ಅನಿಸಿರಬೇಕು. ನನಗೆ ಏನಾದರೂ ಅನಿಸಬೇಕಿತ್ತು. ಜಗಲಿಯ ಸಿಮೆಂಟಿನ ಮೇಲೆ ಕುರಿ ಎಂಜಲು ಮಾಡಿದ್ದ ಬಟ್ಟೆಯನ್ನು ಮಡಚುತ್ತಾ ಕೂತೆ. ಚೌಕವಾಗಿ ಮಡಚಿದೆ, ಬಿಚ್ಚಿ ಮತ್ತೆ ಮಡಚಿದೆ.

ಮಾವ ಕೈ ಚಾಚಿದ. ಕೊನೆಯ ಸಲ ನೋಡಲು ಕೇಳುತ್ತಿದ್ದಾನೇನೋ ಎಂದುಕೊಂಡು ಗಿರಾಕಿ ಕ್ಯಾಸೆಟ್ಟು ಕೊಟ್ಟ.

“ಅಳ್ಯಾ, ಸೆಲ್ಲು ಐತೇನೋ?”

ಟಿವಿ ರಿಮೋಟಿನಿಂದ ಎರಡು, ಗೋಡೆ ಗಡಿಯಾರದಿಂದ ಒಂದು, ಟಾರ್ಚಿನಿಂದ ಒಂದು ಕಿತ್ತುಕೊಟ್ಟೆ. ಮಾವ ಗೇಮಿನ ಬೆನ್ನಿಗೆ ತುಂಬಿದ.

“ಸರ್, ಗ್ಲೌಸ್ ಹಾಕ್ಕೊಳ್ಳಿ ಸರ್, ಪ್ಲೀಸ್. ಬೆರಳಿನ ಎಣ್ಣೆ ಅಂಟುತ್ತೆ…”

“ಅಂಟ್ಲಿ ಬಿಡ್ರೀ” ಎಂದ ಮಾವ. ಕ್ಯಾಸೆಟ್ಟಿನ ಬುಡಕ್ಕೆ ಉಫ್ ಎಂದು ಊದಿದ. ಹುಡುಗ ತನ್ನ ಮೇಲೇ ಊದಿದರೇನೋ ಎಂಬಂತೆ ಕಣ್ಣು ಮುಚ್ಚಿಕೊಂಡ. ಗೇಮು ಹೊತ್ತಿಕೊಂಡಿತು, ನಿಂಜಾ ಬಂದ. ಅಲ್ಲಿಗೆ ವ್ಯಾಪಾರ ಮುಗಿಯಿತು ಎಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಲಿಲ್ಲ. ಅತ್ತೆ ಬೀಗದ ಕೈಯನ್ನು ಸೊಂಟದಿಂದ ತೆಗೆದು ಕಿಟಕಿಯ ಮೇಲೆ ಇಟ್ಟು, ಚಹಾಕ್ಕೆ ನೀರಿಡಲು ಒಳಗೆ ಹೋದಳು.

ಹುಡುಗ ಚಹಾ ಕುಡಿಯುವವರೆಗೆ ಕೂತು ನೋಡಿದ. ಅವನ ಕಪಾಟಿನಲ್ಲಿ ಗೋಡೆ ತುಂಬ ಗೇಮುಗಳಿದ್ದವಂತೆ. “ಇದನ್ನ ಆಡೋದನ್ನ ನಾನು ಕಣ್ಣಾರೆ ನೋಡಿರಲಿಲ್ಲ” ಎಂದ. ಕಾರು ಹೊರಡುವಾಗ ಅಜ್ಜ ಅವನಿಗೆ ಒಂದು ಕಂಬಳಿ ತೋರಿಸಿ, “ಇದನ್ನಾದ್ರೂ ತಗೋ, ಇದಕ್ಕೆ ಕಿವಿ ಇಲ್ಲ” ಎಂದ. ಅವನು ತೆಗೆದುಕೊಂಡ. ಅದಕ್ಕೂ ಗ್ಲೌಸ್ ಹಾಕಿಕೊಂಡೇ ಎತ್ತಿದ ಎಂದು ನಾನು ಕಾಲೇಜಿನಲ್ಲಿ ಹೇಳುತ್ತೇನೆ.

ಅವನು ಹೋದ ಮೇಲೂ ಮಾವ ಆಡುತ್ತಲೇ ಇದ್ದ. ತೊಂದರೆ ಏನೆಂದರೆ, ಗುಂಡಿ ಕೆಳಗೆ ಹೋಯಿತೋ ಇಲ್ಲವೋ ಎಂದು ಬೆರಳು ಹೇಳುವುದಿಲ್ಲ. ಕಣ್ಣಲ್ಲೇ ಬೆರಳು ನೋಡಬೇಕು. ಬೆರಳು ನೋಡಿದರೆ ಹಳ್ಳ ಕಾಣುವುದಿಲ್ಲ, ಹಳ್ಳ ನೋಡಿದರೆ ಬೆರಳು ಗುಂಡಿಯಿಂದ ಜಾರಿರುತ್ತದೆ. ನಿಂಜಾ ಓಡಿ ಬಂದು ಬಿದ್ದ. ಮತ್ತೆ ಓಡಿ ಬಂದು ಬಿದ್ದ. ಅಷ್ಟು ಶ್ರದ್ಧೆಯಿಂದ ಬೀಳುವವರನ್ನು ನಾನು ಬೇರೆ ನೋಡಿಲ್ಲ.

“ಬಾರೋ ಇಲ್ಲಿ” ಎಂದು ಮಾವ ನನ್ನನ್ನು ಪಕ್ಕಕ್ಕೆ ಎಳೆದು ಕೂರಿಸಿಕೊಂಡ. “ನೀನು ಬೆಟ್ಟು ನೋಡು. ನಾನು ಆಟ ನೋಡ್ತೀನಿ. ಗುಂಡಿ ಕೆಳಗೆ ಹೋದ್ರೆ ಹೇಳು.”

ಅವತ್ತಿನಿಂದ ಸಂಜೆ ಅದೇ ನನ್ನ ಕೆಲಸ. ಗುಂಡಿ ಕೆಳಗೆ ಹೋದಾಗ ಅವನ ಹೆಬ್ಬೆರಳಿನ ಉಗುರು ಬೆಳ್ಳಗಾಗುತ್ತದೆ, ಬಿಟ್ಟಾಗ ಕೆಂಪಾಗುತ್ತದೆ. ನಾನು ಅದನ್ನೇ ನೋಡುತ್ತೇನೆ. ಆಟ ಎಲ್ಲಿಗೆ ಬಂತು, ನಿಂಜಾ ಏನಾದ ಎಂದು ನನಗೆ ಗೊತ್ತಾಗುವುದಿಲ್ಲ. ಸದ್ದು ಕೇಳುತ್ತದೆ, ಅಷ್ಟೇ. ಉಣ್ಣೆ ಕತ್ತರಿಸಲು ಈ ವರ್ಷ ಹೊರಗಿನ ಆಳುಗಳೇ ಬಂದರು, ಅದಕ್ಕೆ ಒಂದು ನಿಜವಾದ ಟಗರು ಹೋಯಿತು. ಮಾವ ಅವರ ಕತ್ತರಿಯ ಕಡೆ ನೋಡದೆ ಜಗಲಿಯ ಮೇಲೆ ಒತ್ತುತ್ತಾ ಕೂತಿದ್ದ.

“ಹೋಯ್ತಾ?”

“ಹೋಯ್ತು.”

“ಹೋಯ್ತಾ?”

“ಇಲ್ಲ ಮಾವ.”

“ಈಗ?”

“ಹೋಯ್ತು.”

ಮೊನ್ನೆ ಒಮ್ಮೆ ಉಗುರು ಬೆಳ್ಳಗಾಯಿತು. ನಾನು ಹೇಳಲು ಬಾಯಿ ತೆರೆದೆ. ಅವನು ಕೇಳಲಿಲ್ಲ. ಇನ್ನೊಮ್ಮೆ ಬೆಳ್ಳಗಾಯಿತು, ಆಗಲೂ ಕೇಳಲಿಲ್ಲ. ಕೇಳಲು ಮರೆತನೋ, ಬೆರಳೇ ಅವನಿಗೆ ಹೇಳಿತೋ. ನಾನು ಬೆರಳನ್ನೇ ನೋಡುತ್ತಾ ಕೂತೆ.